ಎ.ಸಿ. ನೀರು ಕುಡಿದ ಬಸಳೆ

ಗಲ್ಫಿನಿಂದ ನಾನು ಊರಿಗೆ ವಾಪಸು ಬಂದಾಗ ನನಗೆ ಮೂವತ್ತೆಂಟು ವರ್ಷ. ಬಂದೆ ಎನ್ನುವುದಕ್ಕಿಂತ ಕಳಿಸಿಕೊಟ್ಟರು ಎನ್ನುವುದೇ ಸರಿ. ಅದು ಎರಡು ಸಾವಿರದ ಹತ್ತರ ಆಸುಪಾಸು. ಕಂಪೆನಿಗೆ ಕೆಲಸ ಕಡಿಮೆಯಾಗಿ ನಮ್ಮಂಥ ಎ.ಸಿ. ಮೆಕ್ಯಾನಿಕ್‌ಗಳಲ್ಲಿ ಅರ್ಧ ಮಂದಿಯನ್ನು ಒಂದೇ ವಾರದಲ್ಲಿ ವಿಮಾನ ಹತ್ತಿಸಿದರು. ಉಪ್ಪಳದಲ್ಲಿ ಹೆದ್ದಾರಿಯ ಬದಿಗೆ ಹಾಜಿಯವರೊಬ್ಬರ ಮೂರಂತಸ್ತಿನ ಕಟ್ಟಡ ಇತ್ತು. ಅದರ ಮೆಟ್ಟಿಲಿನ ಪಕ್ಕದ ಸಣ್ಣ ಕೋಣೆಯಲ್ಲಿ ನಾನೊಂದು ರಿಪೇರಿ ಅಂಗಡಿ ತೆರೆದೆ. ಬೋರ್ಡು ಬರೆಸಿ ಕುಳಿತರೂ ಮೊದಲ ಕೆಲವು ತಿಂಗಳು ಯಾರ ಮುಖ ನೋಡುವುದಕ್ಕೂ ಮುಜುಗರ. ಹೋದವನು ಇಷ್ಟು ಬೇಗ ಯಾಕೆ ಬಂದ ಎಂಬ ಪ್ರಶ್ನೆ ಎದುರಿಗೆ ಬಂದವರೆಲ್ಲರ ಕಣ್ಣಲ್ಲಿ ಇದ್ದ ಹಾಗೆ ಅನಿಸುತ್ತಿತ್ತು.

ಹಾಜಿಯವರು ನನಗೆ ವಹಿಸಿದ ಮೊದಲ ಕೆಲಸ ನೀರಿನದ್ದು. ಕಟ್ಟಡದ ಎರಡನೇ ಮಾಳಿಗೆಯಲ್ಲಿ ಒಂದು ಹಲ್ಲಿನ ಕ್ಲಿನಿಕ್, ಒಂದು ಕಂಪ್ಯೂಟರ್ ಕ್ಲಾಸ್, ಒಂದು ಟ್ರಾವೆಲ್ಸ್ ಆಫೀಸು. ಮೂರರಲ್ಲೂ ಎ.ಸಿ. ಹಾಕಿದವರು ನೀರಿನ ಪೈಪನ್ನು ಹಿಂದಿನ ಗೋಡೆಯಿಂದ ಒಂದು ಗೇಣು ಹೊರಗೆ ಬಿಟ್ಟು ಕೈತೊಳೆದುಕೊಂಡಿದ್ದರು. ಕಡಲ ಬದಿಯ ನಮ್ಮ ಹಸಿ ಗಾಳಿಯಲ್ಲಿ ಎ.ಸಿ. ಓಡಿದಷ್ಟು ಹೊತ್ತೂ ನೀರು ಇಳಿಯುತ್ತಲೇ ಇರುತ್ತದೆ. ಅದೆಲ್ಲ ಕೆಳಗೆ ಬೈಕು ನಿಲ್ಲಿಸುವವರ ತಲೆಯ ಮೇಲೆ.

"ನಮಾಜಿಗೆ ಪಳ್ಳಿಗೆ ಹೋಗ್ಲಿಕ್ಕೆ ಬಿಳಿ ಅಂಗಿ ಹಾಕಿ ಬಂದವನ ಬೆನ್ನಿಗೆ ಗೋಡೆಯ ಪಾಚಿ ನೀರು. ಅವನಿಗೆ ನಾನು ಎಂತ ಹೇಳುದು ಮಾರಾಯ? ಇದಕ್ಕೊಂದು ದಾರಿ ಮಾಡು," ಎಂದರು ಹಾಜಿಯವರು.

ಮೂರು ಪೈಪುಗಳನ್ನೂ ಜೋಡಿಸಿ, ಒಂದೇ ಪೈಪಿನಲ್ಲಿ ಕೆಳಗಿನ ಚರಂಡಿಗೆ ಬಿಡುವುದು ಅಂತ ನಾನು ಲೆಕ್ಕ ಹಾಕಿದ್ದೆ. ಮೊದಲನೇ ಮಾಳಿಗೆಯ ಹಿಂಬದಿಯ ವರಾಂಡದಲ್ಲಿ ಏಣಿ ಇಟ್ಟು ಗೋಡೆಗೆ ಕ್ಲಿಪ್ ಹೊಡೆಯುತ್ತಿದ್ದಾಗ ಕೆಳಗಿನಿಂದ ಒಂದು ದನಿ ಬಂತು.

"ತಮ್ಮ, ಅಷ್ಟು ಒಳ್ಳೆ ನೀರನ್ನು ಚರಂಡಿಗೆ ಬಿಡ್ತೀಯಾ?"

ಕಟ್ಟಡ ಗುಡಿಸುವ ಅಕ್ಕ. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಎರಡೂ ಕೈಯಲ್ಲಿ ತುಂಬಿದ ಬಕೆಟು ಹಿಡಿದು ನಿಂತಿದ್ದರು. ಅವರ ಮನೆಮಾತೂ ತುಳು, ನನ್ನದೂ ತುಳು. ನಾವು ಆಡಿದ್ದನ್ನು ಇಲ್ಲಿ ನೆನಪಾದ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮತ್ತೆ ಎಲ್ಲಿಗೆ ಬಿಡುದು ಅಕ್ಕ?"

"ಮೂರು ಮಾಳಿಗೆ ಒರೆಸ್ಲಿಕ್ಕೆ ನಾನು ಕೆಳಗಿನ ಬಾವಿಯಿಂದ ಹೊರುವುದು ನಿನ್ನ ಕಣ್ಣಿಗೆ ಬೀಳುದಿಲ್ವಾ?"

ಬಿದ್ದಿರಲಿಲ್ಲ, ನಿಜ. ಏಪ್ರಿಲ್ ತಿಂಗಳು, ಬಾವಿಯ ತಳ ಕಾಣುತ್ತಿತ್ತು. ಇದ್ದ ನೀರಿಗೂ ಉಪ್ಪಿನ ರುಚಿ ಹತ್ತಿತ್ತು. ಹಾಜಿಯವರು ಪಂಪಿನ ಸ್ವಿಚ್ಚಿಗೆ ಪೆಟ್ಟಿಗೆ ಮಾಡಿಸಿ ಬೀಗ ಹಾಕಿದ್ದರು. ನಾನು ಏಣಿಯಿಂದ ಇಳಿದು ಪೈಪನ್ನು ಅಲ್ಲಿಯೇ ಕತ್ತರಿಸಿದೆ. ಗುಜರಿಯಿಂದ ಒಂದು ನೀಲಿ ಡ್ರಮ್ಮು ತಂದು ವರಾಂಡದ ಮೂಲೆಯಲ್ಲಿ ಇಟ್ಟು ಪೈಪಿನ ಬಾಯಿಯನ್ನು ಅದರೊಳಗೆ ಇಳಿಸಿದೆ. ಮಾರನೆಯ ದಿನ ಮಧ್ಯಾಹ್ನಕ್ಕೆ ಡ್ರಮ್ಮು ತುಂಬಿ ಹೊರಗೆ ಹರಿಯುತ್ತಿತ್ತು. ಅಕ್ಕ ಅದರಲ್ಲಿ ಕೈ ಅದ್ದಿ ನೋಡಿದರು. "ತಣ್ಣಗೆ ಉಂಟು," ಎಂದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದೇ ಮೊದಲು ನೋಡಿದ್ದು.

ಒರೆಸಿ ಮುಗಿದರೂ ನೀರು ಉಳಿಯುತ್ತಿತ್ತು. ಒಂದು ವಾರ ಆಗಿರಬೇಕು, ಅಕ್ಕ ಒಂದು ಖಾಲಿ ಪೈಂಟಿನ ಬಕೆಟಿನಲ್ಲಿ ಮಣ್ಣು ತುಂಬಿಸಿ, ಅದರಲ್ಲಿ ನಾಲ್ಕು ಬಸಳೆ ತುಂಡು ಊರಿ ತಂದು ವರಾಂಡದ ಕಬ್ಬಿಣದ ಗ್ರಿಲ್ಲಿನ ಬುಡದಲ್ಲಿ ಇಟ್ಟರು.

"ಈ ನೀರನ್ನು ಗಿಡಕ್ಕೆ ಹಾಕಬಹುದಾ ತಮ್ಮ?"

ಗಲ್ಫಿನ ನಮ್ಮ ಕ್ಯಾಂಪಿನಲ್ಲಿ ಒಬ್ಬ ಅಡುಗೆಯವನು ಕಿಟಕಿ ಎ.ಸಿ.ಯ ಕೆಳಗೆ ತುಪ್ಪದ ಡಬ್ಬಿ ಇಟ್ಟು ಪುದಿನ ಬೆಳೆಸುತ್ತಿದ್ದ. ಸುತ್ತ ಮೈಲುಗಟ್ಟಲೆ ಮರಳು, ನಡುವೆ ಆ ಒಂದು ಡಬ್ಬಿ ಹಸಿರು. ಹಾಕಬಹುದು ಎಂದೆ. ಒಂದು ಎಚ್ಚರಿಕೆಯನ್ನೂ ಹೇಳಿದೆ. ವರ್ಷದಲ್ಲಿ ಒಂದೆರಡು ಸಲ ಎ.ಸಿ.ಯ ಒಳಗಿನ ಕಾಯಿಲನ್ನು ನೊರೆಮದ್ದು ಹಾಕಿ ತೊಳೆಯುತ್ತೇವೆ, ಆ ದಿನದ ನೀರು ಮಾತ್ರ ವಿಷ, ಅದು ಡ್ರಮ್ಮಿಗೆ ಬರಬಾರದು, ಅಂದು ನಾನೇ ಪೈಪು ತೆಗೆದು ಹೊರಗೆ ಬಿಡುತ್ತೇನೆ, ಅಂತ. ಅಕ್ಕ ತಲೆಯಾಡಿಸಿದರು. ಈ ಮಾತನ್ನು ಹೇಳಿದವನು ನಾನೇ ಎಂಬುದನ್ನು ಮುಂದೆ ಬಹಳ ಸಲ ನೆನೆಯಬೇಕಾಯಿತು.

ಅಕ್ಕನ ಮನೆ ಉಪ್ಪಳದ ಮೂಡು ಬದಿಯಲ್ಲಿ, ಬೋಳು ಕಲ್ಲಿನ ಪಾದೆಯ ಮೇಲೆ. ಅಂಗಳದಲ್ಲಿ ಎಲ್ಲಿ ಹಾರೆ ಹಾಕಿದರೂ ಮುರಕಲ್ಲು. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಲಾರಿ ಕಾಯಬೇಕು. ಹರೆಯದಲ್ಲಿ ಅವರು ಬೇರೆಯವರ ಗದ್ದೆಯಲ್ಲಿ ತರಕಾರಿ ಸಾಲು ಮಾಡಿದವರು. ಅಲಸಂಡೆಗೆ ಚಪ್ಪರ ಹಾಕುವುದು, ತರಗೆಲೆಯೊಂದಿಗೆ ಮಣ್ಣು ಸುಟ್ಟು ಹರಿವೆಗೆ ಆ ಸುಡುಮಣ್ಣು ಹಾಕುವುದು, ಎಲ್ಲ ಬಲ್ಲವರು. ಆ ಗದ್ದೆಗಳಲ್ಲಿ ಈಗ ಮನೆಗಳು ಎದ್ದಿವೆ. ಗುಡಿಸುವ ಕೆಲಸಕ್ಕೆ ಬಂದು ಒಂಬತ್ತು ವರ್ಷ ಆಗಿತ್ತಂತೆ. ಈ ಒಂಬತ್ತು ವರ್ಷ ಒಂದು ಬೀಜ ಊರಿದ್ದಿಲ್ಲ ತಮ್ಮ, ಕೈಯೇ ಮರೆತುಹೋಗಿದೆ ಅಂದುಕೊಂಡಿದ್ದೆ, ಎಂದರು ಒಂದು ದಿನ.

ಕೈ ಮರೆತಿರಲಿಲ್ಲ. ವರಾಂಡ ಪಶ್ಚಿಮಕ್ಕೆ ಮುಖ ಮಾಡಿತ್ತು. ಮಧ್ಯಾಹ್ನ ಒಂದು ಗಂಟೆಯಿಂದ ಸೂರ್ಯ ಮುಳುಗುವವರೆಗೆ ಬಿಸಿಲು. ಅದರ ಹಿಂದಿನ ಎರಡು ಕೋಣೆಗಳಿಗೆ ಬಾಡಿಗೆದಾರರು ಸಿಕ್ಕಿರಲಿಲ್ಲವಾದ್ದರಿಂದ ಅಲ್ಲಿ ಜನ ಓಡಾಟವೂ ಇಲ್ಲ. ಬಸಳೆ ಎರಡು ತಿಂಗಳಲ್ಲಿ ಗ್ರಿಲ್ಲನ್ನು ಹತ್ತಿ ಮೇಲಿನ ಸಜ್ಜವನ್ನು ಮುಟ್ಟಿತು. ಕೃಷಿಭವನದಿಂದ ಅಕ್ಕ ಗಿಡ ನೆಡುವ ಗ್ರೋಬ್ಯಾಗುಗಳನ್ನು ತಂದರು. ಕೆಂಪು ಹರಿವೆ, ಬೆಂಡೆ, ಬದನೆ, ಗಾಂಧಾರಿ ಮೆಣಸು ಒಂದೊಂದಾಗಿ ಬಂದವು. ಈ ನೀರಿನಲ್ಲಿ ಸಾರ ಇಲ್ಲ, ಮಳೆನೀರಿನ ಹಾಗೆ, ಆದ್ದರಿಂದ ಮಣ್ಣಿಗೆ ಗೊಬ್ಬರ ಚೆನ್ನಾಗಿ ಕೊಡಬೇಕು ಎಂದು ಕೃಷಿಭವನದ ಮೇಡಂ ಹೇಳಿದರಂತೆ. ಅಕ್ಕ ಕೆಳಗಿನ ಜ್ಯೂಸ್ ಅಂಗಡಿಯ ಹಣ್ಣಿನ ಸಿಪ್ಪೆಯನ್ನು ಮಣ್ಣಿನ ಪಾತ್ರೆಯಲ್ಲಿ ಕೊಳೆಸತೊಡಗಿದರು. ಅದುವರೆಗೆ ಅಂಗಡಿಯವರು ಆ ಸಿಪ್ಪೆಯನ್ನು ಹಿಂದಿನ ತೋಡಿಗೆ ಎಸೆಯುತ್ತಿದ್ದರು.

ಮೊದಲ ಬಸಳೆ ಕತ್ತರಿಸಿದ ದಿನ ಅಕ್ಕ ಒಂದು ಕಟ್ಟನ್ನು ನನಗೂ ಕೊಟ್ಟರು. ನನ್ನ ಹೆಂಡತಿ ಅದಕ್ಕೆ ಸಿಗಡಿ ಹಾಕಿ ಗಸಿ ಮಾಡಿದಳು. ಬಡಿಸುತ್ತಾ, "ಅಂಗಡಿಯಿಂದ ನೀವು ಸ್ಕ್ರೂ, ವಯರು ಬಿಟ್ಟು ಬೇರೆ ಏನಾದರೂ ಮನೆಗೆ ತಂದದ್ದು ಇದೇ ಮೊದಲು," ಎಂದು ನಕ್ಕಳು. ಊರಿಗೆ ಬಂದ ಮೇಲೆ ಅವಳು ಹಾಗೆ ನಕ್ಕದ್ದೂ ಅದೇ ಮೊದಲು ಅಂತ ನನಗೆ ನೆನಪು.

ಎರಡು ವರ್ಷ ಹೀಗೆ ಚೆನ್ನಾಗಿಯೇ ನಡೆಯಿತು. ಹಲ್ಲಿನ ಡಾಕ್ಟರು ಹೋಗುವಾಗ ಹರಿವೆ ಒಯ್ಯುತ್ತಿದ್ದರು. ಕಂಪ್ಯೂಟರ್ ಕ್ಲಾಸಿನ ಟೀಚರು ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ಇಳಿದು ಬಂದು ಎರಡು ಗಾಂಧಾರಿ ಮೆಣಸು ಕಿತ್ತುಕೊಂಡು ಹೋಗುತ್ತಿದ್ದಳು. ಮೂರನೇ ಬೇಸಿಗೆಯಲ್ಲಿ ಆಕೆ ಬಸುರಿ. ಅಕ್ಕನಿಗೆ ಆಕೆಯ ಮೇಲೆ ವಿಶೇಷ ಮಮತೆ. ವಾರಕ್ಕೆರಡು ಸಲ ಎಳೆ ಹರಿವೆಯನ್ನು ಆಯ್ದು ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು.

ಆ ಬೇಸಿಗೆಯ ಒಂದು ಬೆಳಿಗ್ಗೆ ಕ್ಲಿನಿಕ್ಕಿನ ಎ.ಸಿ. ಸರ್ವಿಸ್ ಮಾಡುತ್ತಿದ್ದೆ. ನೊರೆಮದ್ದು ಹೊಡೆದು ತೊಳೆಯುವಷ್ಟರಲ್ಲಿ ವಿದ್ಯಾನಗರದ ಒಂದು ಆಫೀಸಿನಿಂದ ಫೋನು. ದೊಡ್ಡ ಅಧಿಕಾರಿಗಳ ಮೀಟಿಂಗು, ಎ.ಸಿ. ಕೆಟ್ಟಿದೆ, ತಕ್ಷಣ ಬರಬೇಕು. ಅಲ್ಲಿಯ ಕೆಲಸ ಸಿಕ್ಕಿದರೆ ಸರಕಾರಿ ಆಫೀಸುಗಳಲ್ಲಿ ಕಾಲೂರಬಹುದು ಎಂಬ ಆಸೆ ನನಗೆ. ಗಡಿಬಿಡಿಯಲ್ಲಿ ನೀರು ಹೊಡೆದು, ಮುಚ್ಚಳ ಹಾಕಿ, ಚೀಲ ಹೆಗಲಿಗೇರಿಸಿ ಬಸ್ಸು ಹಿಡಿದೆ. ಕುಂಬಳೆ ದಾಟುವಾಗ ನೆನಪಾಯಿತು. ಡ್ರಮ್ಮಿನ ಪೈಪು ತೆಗೆದಿರಲಿಲ್ಲ.

ಫೋನ್ ಮಾಡಬಹುದಿತ್ತು. ಅಕ್ಕನ ಹತ್ತಿರ ಮೊಬೈಲ್ ಇರಲಿಲ್ಲ ನಿಜ, ಆದರೆ ಕ್ಲಿನಿಕ್ಕಿಗೆ ಮಾಡಬಹುದಿತ್ತು. ಡ್ರಮ್ಮಿನ ತುಂಬ ನೀರುಂಟು, ಒಂದು ಬಕೆಟು ಮದ್ದು ಸೇರಿದರೆ ಎಂತ ಆಗ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಅಕ್ಕ ಹಿಂದಿನ ಸಂಜೆಯೇ ಡ್ರಮ್ಮನ್ನು ಬರಿದು ಮಾಡಿ ಉಜ್ಜಿ ತೊಳೆದಿಟ್ಟಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ.

ಮರುದಿನ ಹರಿವೆಯ ಎಲೆಯಂಚು ಬೆಳ್ಳಗಾಗಿತ್ತು. ಅದರ ಮರುದಿನ ಬೆಂಡೆಯ ಎಲೆಗಳು ಸುಟ್ಟ ಕಾಗದದಂತೆ ಮುದುಡಿದವು. ಅಕ್ಕ ಒಂದೊಂದು ಬ್ಯಾಗಿನ ಎದುರೂ ಕುಕ್ಕರುಗಾಲಲ್ಲಿ ಕೂತು ಮಣ್ಣು ಮೂಸಿ ನೋಡಿದರು.

"ನನ್ನಿಂದಲೇ ಆದದ್ದು ತಮ್ಮ. ಮೊನ್ನೆ ನೆಲಗಡಲೆ ಹಿಂಡಿಯ ನೀರು ಹಾಕಿದ್ದೆ. ಗಟ್ಟಿ ಆಯ್ತು ಅಂತ ಕಾಣ್ತದೆ. ಪ್ರಾಯ ಆಯ್ತಲ್ಲ, ಅಂದಾಜು ತಪ್ತದೆ."

"ಇರ್ಲಿ ಅಕ್ಕ, ಪುನಃ ಬರ್ತದೆ," ಎಂದೆ ಅಷ್ಟೆ. ವಿದ್ಯಾನಗರದ ಕೆಲಸ ನನಗೆ ಸಿಕ್ಕಿತ್ತು. ಆದರೆ ಮನೆಯಲ್ಲಿ ಗಂಜಿಯ ಬಟ್ಟಲನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಮೂರನೆಯ ಬೆಳಿಗ್ಗೆ ಹೆಂಡತಿ ಎದುರಿಗೆ ಕೂತು ಕೇಳಿದಳು, ನಾನು ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. "ಅಕ್ಕನಿಗೆ ಹೇಳಿದ್ರಾ?" ಎಂದು ಮಾತ್ರ ಕೇಳಿದಳು.

ಹೇಳಬೇಕು ಎಂದೇ ಆ ದಿನ ಹೋದೆ. ಅಂಗಡಿಯ ಶಟರು ಎತ್ತಿದೆ, ಟೇಬಲ್ ಒರೆಸಿದೆ, ಒಂದು ಫ್ಯಾನು ಬಿಚ್ಚಿದೆ. ಮಧ್ಯಾಹ್ನ ಆದರೂ ಮೆಟ್ಟಿಲು ಹತ್ತಲಿಲ್ಲ. ಕೊನೆಗೆ ಹತ್ತಿದಾಗ ಅಕ್ಕ ಎದುರಿಗೇ ಬಂದರು. ಕೈಯಲ್ಲಿ ಕಾಗದದ ಪೊಟ್ಟಣ. ಮೇಲಿನ ಮಾಳಿಗೆಗೆ ಹೊರಟಿದ್ದರು.

"ಎಲ್ಲ ಹೋಗಲಿಲ್ಲ ತಮ್ಮ, ಮೂಲೆಯ ಎರಡು ಬ್ಯಾಗಿನಲ್ಲಿ ಸ್ವಲ್ಪ ಒಳ್ಳೆದು ಉಂಟು. ಟೀಚರಿಗೆ ಕೊಟ್ಟು ಬರ್ತೇನೆ."

"ಅದನ್ನು ಕೊಡಬೇಡಿ ಅಕ್ಕ!"

ನನ್ನ ದನಿ ನನಗೇ ಗುರುತು ಸಿಗದಷ್ಟು ಜೋರಾಗಿ ಬಂತು. ಅಕ್ಕ ನಿಂತರು.

"ಯಾಕೆ?"

"ಅದರಲ್ಲಿ ಮದ್ದು ಉಂಟು. ಕಾಯಿಲ್ ತೊಳೆದ ಮದ್ದು. ಪೈಪು ತೆಗೀಲಿಕ್ಕೆ ಮರೆತದ್ದು ನಾನು. ನಿಮ್ಮ ಹಿಂಡಿಯಿಂದ ಆದದ್ದಲ್ಲ."

ಅಕ್ಕ ಪೊಟ್ಟಣವನ್ನು ಮೆಟ್ಟಿಲ ಮೇಲೆ ಇಟ್ಟರು. ಎರಡು ಮೆಟ್ಟಿಲು ಇಳಿದು ನನ್ನ ಸಮಕ್ಕೆ ಬಂದು ನಿಂತರು.

"ಯಾವಾಗ?"

"ಸೋಮವಾರ."

"ಇವತ್ತು ಗುರುವಾರ," ಎಂದರು. "ಮಂಗಳವಾರ ಹೇಳಿದ್ರೆ ಬುಡಕ್ಕೆ ನೀರು ಬಿಟ್ಟು ತೊಳೆದು ಅರ್ಧವಾದ್ರೂ ಉಳಿಸ್ತಿದ್ದೆ. ಅದು ಹೋಗ್ಲಿ. ಈಗ ನೀನು ಎದುರು ಬರದಿದ್ರೆ ಆ ಹೆಣ್ಣು ಇದನ್ನು ತಿಂತಿದ್ಳಲ್ಲ?"

ಅವರು ಅಳಲಿಲ್ಲ, ಕೂಗಲಿಲ್ಲ. ಪೊಟ್ಟಣವನ್ನು ಕಸದ ಡಬ್ಬಿಗೆ ಹಾಕಿ ಕೈ ತೊಳೆದುಕೊಂಡು ಪೊರಕೆ ಹಿಡಿದರು. ಈ ಮೂರು ದಿನಗಳಲ್ಲಿ ಬೇರೆ ಯಾರಿಗೂ ಸೊಪ್ಪು ಕೊಟ್ಟಿರಲಿಲ್ಲ ಎಂದು ನಾನು ಆಮೇಲೆ ಒಬ್ಬೊಬ್ಬರನ್ನೂ ಕೇಳಿ ಖಾತ್ರಿ ಮಾಡಿಕೊಂಡೆ.

ಅಕ್ಕ ಹತ್ತು ದಿನ ನನ್ನೊಡನೆ ಮಾತಾಡಲಿಲ್ಲ. ನಾನು ಪ್ರತಿದಿನ ಅಂಗಡಿ ತೆರೆಯುವ ಮೊದಲು ಒಂದು ಗಂಟೆ ಮುಂಚೆ ಬಂದು ಬ್ಯಾಗುಗಳ ಮಣ್ಣನ್ನು ಗೋಣಿಗೆ ತುಂಬಿಸಿ ಕೆಳಗೆ ಹೊತ್ತೆ. ಬಸಳೆಯನ್ನೂ ಬುಡಸಮೇತ ಕಿತ್ತೆ. ಗ್ರಿಲ್ಲಿಗೆ ಸುತ್ತಿಕೊಂಡಿದ್ದ ಒಣ ಬಳ್ಳಿಯನ್ನು ಬಿಡಿಸುವುದಕ್ಕೇ ಎರಡು ದಿನ ಬೇಕಾಯಿತು. ನನ್ನ ಹೆಂಡತಿ ಅವಳ ತವರಿನಿಂದ ಹೊಸ ಮಣ್ಣು ತರಿಸಿದಳು. ಅದನ್ನು ಹೊತ್ತು ಮೇಲೆ ತಂದು ಸುರಿದ ದಿನ ಅಕ್ಕ ಪಕ್ಕದಲ್ಲಿ ಬಂದು ನಿಂತರು. ಒಂದು ಹಿಡಿ ಎತ್ತಿ ಬೆರಳಲ್ಲಿ ಉಜ್ಜಿದರು.

"ಇದಕ್ಕೆ ಸುಡುಮಣ್ಣು ಬೇಕು, ನಾಳೆ ತರ್ತೇನೆ," ಎಂದರು. ಮತ್ತೆ, "ಇನ್ನು ಮೇಲೆ ಎ.ಸಿ. ತೊಳೆಯುವ ದಿನ ನನಗೆ ಮೊದಲು ಹೇಳಬೇಕು. ಪೈಪು ತೆಗೆಯುವುದು ನಾನು. ನೀನಲ್ಲ."

ಅವರ ಕೈಗೆ ಸುಲಭ ಆಗುವ ಹಾಗೆ ಪೈಪಿನ ನಡುವೆ ತಿರುಗಿಸಿ ಬಿಚ್ಚುವ ಜಾಯಿಂಟು ಹಾಕಿ ಅದಕ್ಕೆ ಕೆಂಪು ಬಣ್ಣ ಬಳಿದೆ. ಮತ್ತಿನ ವರ್ಷಗಳಲ್ಲಿ ನಾನು ನೊರೆಮದ್ದಿನ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿದರೆ ಅಕ್ಕ ಎಲ್ಲಿದ್ದರೂ ಪೊರಕೆ ಬಿಟ್ಟು ಬರುತ್ತಿದ್ದರು. ಜಾಯಿಂಟು ಬಿಚ್ಚಿ, ಎರಡು ದಿನದ ನೀರನ್ನು ಹೊರಗೆ ಬಿಟ್ಟು, ಡ್ರಮ್ಮಿಗೆ ಬೀಳುವ ಹೊಸ ನೀರನ್ನು ಮೊದಲು ಒಂದು ಹರಿವೆ ಸಸಿಗೆ ಮಾತ್ರ ಹಾಕಿ ನೋಡುತ್ತಿದ್ದರು. ಆ ಸಸಿ ಚೆನ್ನಾಗಿದ್ದರೆ ಉಳಿದವಕ್ಕೆ.

ಮಳೆಗಾಲದಲ್ಲಿ ಪಡುಗಾಳಿಗೆ ವರಾಂಡದಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಆಗ ಅಕ್ಕನಿಗೆ ಒಂದು ಯೋಚನೆ ಬಂತು. ಎಲ್ಲಿಯೋ ನಡೆದ ಅಣಬೆ ತರಬೇತಿಗೆ ಹೋಗಿ ಬಂದಿದ್ದರು. ಬೈಹುಲ್ಲನ್ನು ನೆನೆಸಿ, ಬೇಯಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬೀಜದೊಂದಿಗೆ ತುಂಬಿಸಿ ಕತ್ತಲೆ ಕೋಣೆಯಲ್ಲಿ ನೇತುಹಾಕಬೇಕು. ಖಾಲಿ ಬಿದ್ದ ಕೋಣೆಯ ಬೀಗದ ಕೈ ಗುಡಿಸುವವರ ಹತ್ತಿರವೇ ಇತ್ತು. ಹಾಜಿಯವರನ್ನು ಕೇಳೋಣ ಎಂದೆ. "ಅಣಬೆ ಬಂದ ಮೇಲೆ ಕೇಳುವ, ಬರದಿದ್ರೆ ಸುಮ್ಮನೆ ಯಾಕೆ ಮರ್ಯಾದೆ ಕಳಕೊಳ್ಳುದು?" ಎಂದರು.

ಮೊದಲ ಸಲ ಹುಲ್ಲು ಸರಿಯಾಗಿ ಹಿಂಡದೆ ಹಸಿರು ಬೂಸ್ಟು ಬಂದು ಎಲ್ಲ ಹಾಳಾಯಿತು. ಎರಡನೆಯ ಸಲ ಬಂತು. ಅದೂ ಎಂಥ ದಿನ ಬಂತೆಂದರೆ, ಹಾಜಿಯವರು ಕೋಣೆ ನೋಡಲು ಒಬ್ಬ ಬಾಡಿಗೆದಾರನನ್ನು ಕರೆದುಕೊಂಡು ಬಂದ ದಿನವೇ. ಬಾಗಿಲು ತೆರೆದರೆ ಸಾಲಾಗಿ ನೇತಾಡುವ ಹನ್ನೆರಡು ಚೀಲ, ಒಂದೊಂದರ ಮೈಯಿಂದಲೂ ಬೂದುಬಿಳಿ ಗೊಂಚಲುಗಳು.

"ಇದೆಂತ ಅಕ್ಕ? ನನ್ನ ರೂಮಿನಲ್ಲಿ ತಲೆದಿಂಬು ಕಟ್ಟಿ ಹಾಕಿದ್ದು ಯಾಕೆ?"

"ಅಣಬೆ ಹಾಜಿಯವರೇ. ಇವತ್ತೇ ಬಿರಿದದ್ದು. ನಿಮಗೇ ಮೊದಲು ಕೊಡುವ ಅಂತ ಇದ್ದೆ."

ಜೊತೆಗೆ ಬಂದಿದ್ದ ನಾನು ಮೆಲ್ಲಗೆ ಬಾಗಿಲ ಹಿಂದಕ್ಕೆ ಸರಿದೆ. ಹಾಜಿಯವರು ಒಂದು ಗೊಂಚಲನ್ನು ಬೆರಳಿನಿಂದ ಮುಟ್ಟಿ ನೋಡಿದರು. ಬಂದಿದ್ದವನು ಮೊಬೈಲ್ ಅಂಗಡಿ ಇಡುವವನು. ಅವನಿಗೆ ಹಿಂಬದಿಯ ಕೋಣೆ ಹೇಗೂ ಹಿಡಿಸಲಿಲ್ಲ, ಆದರೆ ಹೋಗುವಾಗ ತನಗೂ ಸ್ವಲ್ಪ ಕೊಡುತ್ತೀರಾ ಎಂದು ಕೇಳಿದ. ಅದರಿಂದ ಹಾಜಿಯವರಿಗೆ ನಗು ಬಂತು. ಆ ದಿನ ಒಂದು ಪೊಟ್ಟಣ ಅವರ ಮನೆಗೂ ಹೋಯಿತು. ಮಾರನೆಯ ದಿನ ನನ್ನ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಗಾಜು ಇಳಿಸಿ, "ಮನೆಯಲ್ಲಿ ಕೇಳ್ತಾ ಇದ್ದಾರೆ, ಪುನಃ ಯಾವಾಗ ಆಗ್ತದಂತೆ?" ಎಂದು ಕೇಳಿದರು. ಕೋಣೆಗೆ ಜನ ಸಿಗುವವರೆಗೆ ಇರಲಿ ಎಂದರು. ಜನ ಸಿಕ್ಕಿದ್ದು ಮೂರು ಮಳೆಗಾಲ ಕಳೆದ ಮೇಲೆ. ಬೆಳೆ ಮುಗಿದ ಹುಲ್ಲನ್ನು ಅಕ್ಕ ವರಾಂಡದ ಬ್ಯಾಗುಗಳಿಗೆ ಸೇರಿಸುತ್ತಿದ್ದರು. ಮಣ್ಣು ಪುಡಿಪುಡಿಯಾಗಿ ಕಪ್ಪಗೆ ಹೊಳೆಯುತ್ತಿತ್ತು.

ಎರಡು ಸಾವಿರದ ಹದಿನೇಳರ ಹೊತ್ತಿಗೆ ಹಾಜಿಯವರು ಮೊಗ್ರಾಲಿನಲ್ಲಿ ಫ್ಲ್ಯಾಟುಗಳ ಒಂದು ಕಟ್ಟಡ ಕಟ್ಟಿಸಲು ಹೊರಟರು. ನಕ್ಷೆ ಹಿಡಿದುಕೊಂಡು ನೇರ ನನ್ನ ಅಂಗಡಿಗೆ ಬಂದರು.

"ಎ.ಸಿ. ನೀರಿಗೆ ದಾರಿ ಈಗಲೇ ಇಡಬೇಕು ಮಾರಾಯ. ಕಾಂಕ್ರೀಟು ಹಾಕಿದ ಮೇಲೆ ಒಡೆಯುವ ಕೆಲಸ ಬೇಡ. ಒಂದೊಂದು ಮಾಳಿಗೆಯಲ್ಲಿಯೂ ಗಿಡಕ್ಕೆ ಜಾಗ ಬೇಕು. ಅಕ್ಕನನ್ನೂ ಕರೆ."

ಅಕ್ಕನಿಗೆ ನಕ್ಷೆ ಓದಲು ಬರುತ್ತಿರಲಿಲ್ಲ. ಬಾಗಿಲು ಎಲ್ಲಿ, ಕಡಲು ಯಾವ ಕಡೆ ಎಂದು ಕೇಳಿ ತಿಳಿದುಕೊಂಡರು. ಮತ್ತೆ ಕೈಯನ್ನು ನಕ್ಷೆಯ ಮೇಲೆ ಅಡ್ಡ ಇಟ್ಟು, "ಗಿಡದ ಜಾಗ ಈ ಬದಿಗೆ ಬೇಡ. ಮಳೆಗಾಲದಲ್ಲಿ ಗಾಳಿ ಎಲ್ಲ ಹೊಡೆದು ಹಾಕ್ತದೆ. ಮೂಡು ಬದಿಗೆ ಇಡಿ, ಬೆಳಗ್ಗಿನ ಬಿಸಿಲು ಸಾಕು," ಎಂದರು. ಹಾಜಿಯವರ ಜೊತೆ ಬಂದಿದ್ದ ಎಂಜಿನಿಯರು ಯುವಕ, ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಪೆನ್ಸಿಲಿನಲ್ಲಿ ಗೆರೆ ಬದಲಾಯಿಸಿದ. ಮಾಳಿಗೆಗೊಂದು ಗಿಡ ನೆಡುವ ಉದ್ದದ ಕಟ್ಟೆ, ಮೇಲಿನ ಮನೆಯ ನೀರು ಕೆಳಗಿನ ಕಟ್ಟೆಯ ತೊಟ್ಟಿಗೆ, ತೊಟ್ಟಿಯ ಮುಂದೆ ತಿರುಗಿಸುವ ಜಾಯಿಂಟು. ಅದಕ್ಕೆ ಕೆಂಪು ಬಣ್ಣ ಹಚ್ಚಬೇಕೆಂದು ನಾನೇ ಬರೆಸಿದೆ.

ಮನೆಗಳಲ್ಲಿ ಜನ ತುಂಬಿದ ವರ್ಷ ಅಕ್ಕನೂ ನಾನೂ ಒಂದು ಭಾನುವಾರ ಬಸ್ಸಿನಲ್ಲಿ ಮೊಗ್ರಾಲಿಗೆ ಹೋದೆವು. ಅಕ್ಕನ ಮಡಿಲಲ್ಲಿ ಹಸಿ ಬಟ್ಟೆಯಲ್ಲಿ ಸುತ್ತಿದ ಬಸಳೆ ತುಂಡುಗಳ ಕಟ್ಟು. ಲಿಫ್ಟು ಹತ್ತಿದ್ದು ಅವರಿಗೆ ಜೀವನದಲ್ಲಿ ಮೊದಲು. ಬಾಗಿಲು ಮುಚ್ಚಿಕೊಂಡಾಗ ನನ್ನ ತೋಳು ಹಿಡಿದುಕೊಂಡರು. ನಾಲ್ಕನೇ ಮಾಳಿಗೆಯಲ್ಲಿ ಐದಾರು ಹೆಂಗಸರು ಕಾಯುತ್ತಿದ್ದರು. ಒಬ್ಬಳ ಗಂಡ ದುಬೈಯಲ್ಲಿ, ಒಬ್ಬಳು ಬ್ಯಾಂಕಿನಲ್ಲಿ ಕೆಲಸ, ಒಬ್ಬರು ಅಕ್ಕನಿಗಿಂತಲೂ ಹಿರಿಯರು. ಅಕ್ಕ ನೆಲದ ಮೇಲೆ ಕೂತು ತುಂಡಿನ ಯಾವ ತುದಿ ಮಣ್ಣಿಗೆ, ಯಾವುದು ಮೇಲಕ್ಕೆ, ಗಂಟು ಎಷ್ಟು ಒಳಗೆ ಹೋಗಬೇಕು ಎಂದು ತೋರಿಸಿದರು. ಮೊದಲು ಮೆಲ್ಲಗೆ ಮಾತಾಡಿದವರು ಆಮೇಲೆ, "ಅಷ್ಟು ಒತ್ತಬೇಡ ಮಗಳೇ, ಅದಕ್ಕೂ ಉಸಿರು ಬೇಡ್ವಾ?" ಎಂದು ಗದರಿಸುವಷ್ಟು ಸಲಿಗೆಗೆ ಬಂದರು. ದುಬೈಯವನ ಹೆಂಡತಿ ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದು ಅಲ್ಲಿಂದಲೇ ಗಂಡನಿಗೆ ಕಳಿಸಿದಳು.

ಇಳಿಯುವಾಗ ಅಕ್ಕ ಲಿಫ್ಟು ಬೇಡವೆಂದರು. ಒಂದೊಂದು ಮಾಳಿಗೆಯಲ್ಲಿಯೂ ನಿಂತು, ಕಟ್ಟೆಯ ಮಣ್ಣಿಗೆ ಬೆರಳು ಹಾಕಿ, ಯಾರು ನೀರು ಹೆಚ್ಚು ಹಾಕಿದ್ದಾರೆ, ಯಾರು ಮರೆತಿದ್ದಾರೆ ಎಂದು ಹೇಳುತ್ತಾ ಇಳಿದರು. ಎರಡನೇ ಮಾಳಿಗೆಯಲ್ಲಿ ಯಾರೋ ಆಗಲೇ ಮೆಂತ್ಯ ಬಿತ್ತಿದ್ದರು, ಸಾಸಿವೆಯಷ್ಟು ಮೊಳಕೆ. ಅಕ್ಕ ಬಗ್ಗಿ ನೋಡಿ, "ಇದು ಯಾರ ಮನೆಯದ್ದು? ಕೈ ಒಳ್ಳೆದುಂಟು," ಎಂದರು. ಬಾಗಿಲ ಹಿಂದಿನಿಂದ ಯಾರೋ ಕೇಳಿಸಿಕೊಂಡು ನಕ್ಕರು. ಕೆಳಗೆ ಬಂದಾಗ ಹೊಳೆಯ ಬದಿಯಲ್ಲಿ ದೋಣಿ ಬಂದು ತಾಗಿತ್ತು. ಒಳ್ಳೆ ಸಿಗಡಿ ಸಿಗಬಹುದು, ನೋಡುವ ಬಾ ತಮ್ಮ, ಎಂದು ಅಕ್ಕ ನನಗಿಂತ ಮುಂದೆ ಬೀಸು ಹೆಜ್ಜೆ ಹಾಕಿದರು.